ವಕೀಲರ ಸಂಘದ ಬಾಗಿಲಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವಕೀಲಿ ಮಾಡುವುದು ಒಂದು ತಾಲೂಕು ಕೋರ್ಟಿನಲ್ಲಿ. ಕೆಲವು ವರ್ಷ ಅಲ್ಲಿನ ವಕೀಲರ ಸಂಘದ ಕಾರ್ಯದರ್ಶಿಯಾಗಿಯೂ ಇದ್ದೆ. ಬೆಳಿಗ್ಗೆ ಹತ್ತೂವರೆಗೆ ಸಂಘದ ಕೊಠಡಿ ಬಾಗಿಲು ತೆಗೆದರೆ ಸಾಕು, ಚಪ್ಪಲಿ ಹೊರಗೆ ಬಿಟ್ಟು ಯಾರಾದರೂ ಇಣುಕುತ್ತಾರೆ. ಕೈಯಲ್ಲಿ ಪ್ಲಾಸ್ಟಿಕ್ ಕವರು. ಅದರೊಳಗೆ ಪಹಣಿ, ನೋಟಿಸು, ನಾಲ್ಕು ಮಡಿಕೆ ಮಾಡಿದ ಹಳೇ ತೀರ್ಪಿನ ನಕಲು. "ಸಾರ್, ಇಲ್ಲಿ ಕೇಳಬಹುದಾ?" ಅನ್ನುತ್ತಾರೆ. ಧಾರಾಳವಾಗಿ ಕೇಳಬಹುದು. ಹಾಗೆ ಕೇಳಿದ ಪ್ರಶ್ನೆಗಳನ್ನೂ ನಾವು ಕೊಡುತ್ತಿದ್ದ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ. ವಕೀಲಿಗೆ ಹೊಸದಾಗಿ ಬಂದ ಹುಡುಗ ಹುಡುಗಿಯರು ಕೇಳುವ ಕೆಲವು ಪ್ರಶ್ನೆಗಳೂ ಇದರಲ್ಲಿವೆ.

ವಕೀಲರ ಸಂಘ ಅಂದರೆ ಸರ್ಕಾರಿ ಕಚೇರಿನಾ?

ಅಲ್ಲ. ಕೋರ್ಟಿನ ಆವರಣದಲ್ಲೇ ಕೊಠಡಿ ಇರುವುದರಿಂದ ತುಂಬಾ ಜನ ಹಾಗೆ ಅಂದುಕೊಳ್ಳುತ್ತಾರೆ. ಆ ಊರಿನ ಕೋರ್ಟಿನಲ್ಲಿ ಕೆಲಸ ಮಾಡುವ ವಕೀಲರು ತಾವೇ ಸೇರಿ, ಚಂದಾ ಕಟ್ಟಿ ನಡೆಸುವ ಸಂಸ್ಥೆ ಇದು. ಹೆಚ್ಚಿನವು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ನೋಂದಣಿ ಆಗಿವೆ. ಅಧ್ಯಕ್ಷರು, ಉಪಾಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಎಲ್ಲರೂ ಸದಸ್ಯರ ಓಟಿನಿಂದ ಬರುತ್ತಾರೆ. ಸರ್ವಸದಸ್ಯರ ಸಭೆಗೆ ಲೆಕ್ಕ ಒಪ್ಪಿಸಬೇಕು. ಪದಾಧಿಕಾರಿಗಳಿಗೆ ಸಂಬಳ ಇಲ್ಲ. ಸಂಘದಲ್ಲಿ ಪರಿಚಯ ಇದೆ ಅಂತ ಕೋರ್ಟಿನಲ್ಲಿ ನಿಮ್ಮ ಕೇಸು ಬೇಗ ಮುಗಿಯುವುದೂ ಇಲ್ಲ. ಯಾರಾದರೂ ಹಾಗೆ ಹೇಳಿ ದುಡ್ಡು ಕೇಳಿದರೆ ಕೊಡಬೇಡಿ.

ಸಂಘ ಬೇರೆ, ವಕೀಲರ ಪರಿಷತ್ತು ಬೇರೆನಾ?

ಬೇರೆ ಬೇರೆ. ಈ ವ್ಯತ್ಯಾಸ ಗೊತ್ತಿದ್ದರೆ ನಿಮ್ಮ ಓಡಾಟ ಅರ್ಧ ಕಮ್ಮಿಯಾಗುತ್ತದೆ.

ಕರ್ನಾಟಕ ರಾಜ್ಯ ವಕೀಲರ ಪರಿಷತ್ತು 1961ರ ವಕೀಲರ ಕಾಯ್ದೆಯಿಂದ ಹುಟ್ಟಿದ ಶಾಸನಬದ್ಧ ಸಂಸ್ಥೆ. ಕಚೇರಿ ಬೆಂಗಳೂರಿನಲ್ಲಿದೆ. ಕಾನೂನು ಓದಿದವರನ್ನು ವಕೀಲರ ಪಟ್ಟಿಗೆ ಸೇರಿಸುವುದು, ತಪ್ಪು ಮಾಡಿದ ವಕೀಲರ ಸನ್ನದು, ಅಂದರೆ ವಕೀಲಿ ಮಾಡುವ ಪರವಾನಗಿ, ಅಮಾನತು ಮಾಡುವುದು, ಪಟ್ಟಿಯಿಂದಲೇ ಹೆಸರು ತೆಗೆಯುವುದು ಇವೆಲ್ಲ ಅದರ ಅಧಿಕಾರ. ದೇಶದ ಮಟ್ಟದಲ್ಲಿ ಅದರ ಮೇಲೆ ಭಾರತೀಯ ವಕೀಲರ ಪರಿಷತ್ತು ಇದೆ.

ಊರಿನ ಸಂಘಕ್ಕೆ ಆ ಅಧಿಕಾರ ಯಾವುದೂ ಇಲ್ಲ. ನಾವು ಯಾರ ಸನ್ನದನ್ನೂ ಕೊಡುವುದಿಲ್ಲ, ಕಿತ್ತುಕೊಳ್ಳುವುದಕ್ಕೂ ಬರುವುದಿಲ್ಲ. ಆದರೆ ಇಬ್ಬರನ್ನು ಎದುರು ಬದುರು ಕೂರಿಸಿ ಮಾತಾಡಿಸಬಹುದು. ಎಷ್ಟೋ ತಕರಾರು ಅಲ್ಲೇ ಬಗೆಹರಿಯುತ್ತದೆ.

ಲಂಡನ್ನಿನಲ್ಲಿರುವ ಮಗ "ಸಾಲಿಸಿಟರ್ ಹಿಡೀರಿ" ಅಂತಾನೆ. ನಮ್ಮೂರಲ್ಲಿ ಸಾಲಿಸಿಟರ್ ಸಿಗ್ತಾರಾ?

ಇಂಗ್ಲೆಂಡಿನಲ್ಲಿ ವಕೀಲರಲ್ಲೇ ಎರಡು ಬಗೆ. ಕಕ್ಷಿದಾರರ ಜೊತೆ ಕೂತು ಕಾಗದಪತ್ರ, ಆಸ್ತಿ ವ್ಯವಹಾರ, ಉಯಿಲು ನೋಡುವವರು ಸಾಲಿಸಿಟರ್. ದೊಡ್ಡ ಕೋರ್ಟುಗಳಲ್ಲಿ ನಿಂತು ವಾದ ಮಾಡುವವರು ಹೆಚ್ಚಾಗಿ ಬ್ಯಾರಿಸ್ಟರ್. ಅಲ್ಲೂ ಬ್ರಿಸ್ಟಲ್, ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್‌ನಂಥ ಊರುಗಳ ಸಾಲಿಸಿಟರ್‌ಗಳಿಗೆ ತಮ್ಮದೇ ಸ್ಥಳೀಯ ಲಾ ಸೊಸೈಟಿಗಳಿವೆ. ನಮ್ಮ ತಾಲೂಕು ಸಂಘಗಳು ಇಲ್ಲಿ ಮಾಡುವ ಕೆಲಸಕ್ಕೂ ಅವು ಅಲ್ಲಿ ಮಾಡುವ ಕೆಲಸಕ್ಕೂ ತುಂಬಾ ಹೋಲಿಕೆ ಇದೆ.

ಭಾರತದಲ್ಲಿ ಆ ಭೇದ ಮುಂಬೈ ಮತ್ತು ಕೋಲ್ಕತ್ತಾ ಹೈಕೋರ್ಟುಗಳಲ್ಲಿ ಉಳಿದುಕೊಂಡಿತ್ತು. 1976ರ ತಿದ್ದುಪಡಿ ಅದನ್ನು ಕಾನೂನಿನಲ್ಲಿ ತೆಗೆದುಹಾಕಿತು. ಈಗ ಎಲ್ಲರೂ ಅಡ್ವೊಕೇಟ್. ಮುಂಬೈಯಲ್ಲಿ ಮಾತ್ರ ಸಾಲಿಸಿಟರ್ ಪರೀಕ್ಷೆ ಇನ್ನೂ ನಡೆಯುತ್ತಿದೆ. ನಮ್ಮಲ್ಲಿ ಕ್ರಯಪತ್ರ ನೋಡುವವರೂ ಅವರೇ, ಕಟಕಟೆ ಎದುರು ಪಾಟಿ ಸವಾಲು ಮಾಡುವವರೂ ಅವರೇ.

ಹಾಗಾದರೆ ಸಂಘ ಮಾಡುವ ಕೆಲಸ ಏನು?

ಮೊದಲನೆಯದು ಪುಸ್ತಕ. ಹೊಸ ವಕೀಲರಿಗೆ ಸ್ವಂತ ಗ್ರಂಥಾಲಯ ಕಟ್ಟುವ ಶಕ್ತಿ ಎಲ್ಲಿಂದ ಬರಬೇಕು? ನಮ್ಮ ಕೊಠಡಿಯ ಕಪಾಟಿನಲ್ಲಿ ಕೋರ್ಟಿನ ತೀರ್ಪುಗಳನ್ನು ಅಚ್ಚು ಹಾಕುವ ಎಐಆರ್, ಐಎಲ್‌ಆರ್ ಕರ್ನಾಟಕ, ಕರ್ನಾಟಕ ಲಾ ಜರ್ನಲ್ ಸಾಲಾಗಿ ನಿಂತಿವೆ. ಹಳೇ ಸಂಪುಟಗಳ ಬೆನ್ನು ಕಿತ್ತುಬಂದಿದೆ. ಪುಟಗಳ ಅಂಚಿನಲ್ಲಿ ಈಗ ಇಲ್ಲದ ಹಿರಿಯರು ಪೆನ್ಸಿಲಿನಲ್ಲಿ ಎಳೆದ ಗೆರೆಗಳಿವೆ. ಈಗ ಕಂಪ್ಯೂಟರಿನಲ್ಲಿ ತೀರ್ಪು ಹುಡುಕುವ ಸೌಲಭ್ಯವೂ ಇದೆ. ಆದರೂ ಆ ಗೆರೆ ನೋಡಿ "ಇವರು ಯಾಕೆ ಇಲ್ಲಿ ನಿಂತರು" ಅಂತ ಯೋಚಿಸಿದಾಗ ಕಲಿಯುವ ಪಾಠವೇ ಬೇರೆ.

ಎರಡನೆಯದು ಕಲಿಕೆ. 2024ರ ಜುಲೈ 1ರಂದು ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಜೊತೆಗೆ ದಂಡ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಕಾಯ್ದೆ ಕೂಡ ಬದಲಾದವು. ಮೂವತ್ತು ವರ್ಷ 302, 420 ಅಂತ ಬಾಯಲ್ಲಿ ಆಡಿದವರಿಗೆ ಈಗ ಕೊಲೆಗೆ 103, ಮೋಸಕ್ಕೆ 318. ಸಂಘದ ಮೇಜಿನ ಸುತ್ತ ಸಂಜೆ ಹೊತ್ತು ಕೂತು ಹಳೇ ಕಲಂ ಒಂದು ಕಡೆ, ಹೊಸ ಕಲಂ ಒಂದು ಕಡೆ ಬರೆದು ಗೋಡೆಗೆ ಅಂಟಿಸಿಕೊಂಡೆವು. ಎಪ್ಪತ್ತು ದಾಟಿದ ಹಿರಿಯರೊಬ್ಬರು ದಿನಾ ಕನ್ನಡಕ ಸರಿಮಾಡಿಕೊಂಡು ಆ ಹಾಳೆಯ ಮುಂದೆ ನಿಂತು ಓದುತ್ತಿದ್ದರು. ಅವರನ್ನು ನೋಡಿ ಜೂನಿಯರ್‌ಗಳೂ ನಿಂತರು.

ಮೂರನೆಯದು ಕೋರ್ಟಿನ ಆವರಣದ ಚಾಕರಿ. ಕುಡಿಯುವ ನೀರು, ಹೆಂಗಸರ ಶೌಚಾಲಯ, ವರಾಂಡದಲ್ಲಿ ಕಕ್ಷಿದಾರರು ಕೂರಲು ಬೆಂಚು, ಕಾಲು ಆಗದವರಿಗೆ ಇಳಿಜಾರು ದಾರಿ. ಇವಕ್ಕೆಲ್ಲ ಅರ್ಜಿ ಬರೆದು, ಜಿಲ್ಲಾ ನ್ಯಾಯಾಧೀಶರನ್ನು ಕಂಡು, ಲೋಕೋಪಯೋಗಿ ಇಲಾಖೆಯ ಬೆನ್ನು ಹತ್ತಬೇಕು. ಸಣ್ಣ ಕೆಲಸ ಅಂತ ಅನ್ನಿಸಬಹುದು. ಕೂಸು ಎತ್ತಿಕೊಂಡು ಜೀವನಾಂಶದ ಕೇಸಿಗೆ ಬಂದ ಹೆಣ್ಣುಮಗಳು ಮಧ್ಯಾಹ್ನ ಎರಡರವರೆಗೆ ನಿಂತೇ ಇರುವುದನ್ನು ನೋಡಿದ ಮೇಲೆ ಹಾಗೆ ಅನ್ನಿಸುವುದಿಲ್ಲ.

ದೊಡ್ಡ ಬೇಡಿಕೆಗಳೂ ಇಲ್ಲಿಂದಲೇ ಹೊರಡುತ್ತವೆ. ಹೈಕೋರ್ಟ್ ಬೆಂಗಳೂರಿನಲ್ಲಿ ಮಾತ್ರ ಇದ್ದಾಗ ಬೀದರಿನ ರೈತ ಒಂದು ಮೇಲ್ಮನವಿಗೆ ಸುಮಾರು 700 ಕಿಲೋಮೀಟರ್ ಬರಬೇಕಿತ್ತು. ಉತ್ತರ ಕರ್ನಾಟಕದ ವಕೀಲರ ಸಂಘಗಳು ವರ್ಷಗಟ್ಟಲೆ ಹೋರಾಡಿದವು. 2008ರ ಜುಲೈನಲ್ಲಿ ಧಾರವಾಡ ಮತ್ತು ಕಲಬುರಗಿಯಲ್ಲಿ ಸಂಚಾರಿ ಪೀಠಗಳು ಶುರುವಾದವು. 2013ರಲ್ಲಿ ಅವು ಕಾಯಂ ಆದವು. ಕಕ್ಷಿದಾರನ ಬಸ್ ಚಾರ್ಜು, ಲಾಡ್ಜ್ ಬಾಡಿಗೆ, ಕಳೆದುಹೋಗುವ ಎರಡು ದಿನದ ಕೂಲಿ ಲೆಕ್ಕ ಹಾಕಿ ನೋಡಿ. ಸಂಘಗಳು ಮಾಡಿದ ಅತಿ ದೊಡ್ಡ ಕೆಲಸ ಇದು ಅಂತ ನಾನು ನಂಬಿದ್ದೇನೆ.

ಒಳ್ಳೆಯ ವಕೀಲರು ಯಾರು ಅಂತ ಒಂದು ಹೆಸರು ಹೇಳಿಬಿಡಿ.

ಒಂದೇ ಹೆಸರು ಹೇಳುವುದು ಸರಿಯಲ್ಲ, ನಾವು ಹೇಳುವುದಿಲ್ಲ. ಸದಸ್ಯರ ಪಟ್ಟಿ ಕೊಡುತ್ತೇವೆ. ಸಿವಿಲ್ ಯಾರು ಜಾಸ್ತಿ ನಡೆಸುತ್ತಾರೆ, ಅಪಘಾತ ಪರಿಹಾರದ ಕೇಸು ಯಾರು ನೋಡುತ್ತಾರೆ ಅಂತ ಕೇಳಿದರೆ ಮೂರ್ನಾಲ್ಕು ಹೆಸರು ಸಿಗುತ್ತವೆ. ಇಬ್ಬರನ್ನಾದರೂ ಕಂಡು ಮಾತಾಡಿ. ನಿಮ್ಮ ಕಾಗದ ತಿರುವಿ ನೋಡದೆ "ಗೆದ್ದೇ ಗೆಲ್ತೀವಿ" ಅನ್ನುವವರಿಗಿಂತ, ಕಾಗದ ಓದಿ "ಇಲ್ಲಿ ತೊಂದರೆ ಇದೆ" ಅನ್ನುವವರು ನಿಮಗೆ ಜಾಸ್ತಿ ಉಪಯೋಗಕ್ಕೆ ಬರುತ್ತಾರೆ.

ವಕೀಲರು ಜಾಹೀರಾತು ಕೊಟ್ಟು ಕೇಸು ಹಿಡಿಯುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮ ಅದನ್ನು ತಡೆಯುತ್ತದೆ. ಹಾಗಾಗಿ ಆಸ್ಪತ್ರೆಯ ವಾರ್ಡಿಗೇ ಬಂದು "ಅಪಘಾತದ ಕೇಸು ನಮ್ಮ ಲಾಯರಿಗೆ ಕೊಡಿ" ಅನ್ನುವ ದಲ್ಲಾಳಿಗಳಿಂದ ದೂರ ಇರಿ. ದಲ್ಲಾಳಿ ಅಂತ ಪಟ್ಟಿಗೆ ಸೇರಿದ ಮೇಲೂ ಕೋರ್ಟಿನ ಸುತ್ತ ಆ ಕೆಲಸ ಮಾಡುವುದು ಅಪರಾಧ. ಅಂಥವರ ಪಟ್ಟಿ ಮಾಡಿ ಪ್ರಕಟಿಸುವ ಅಧಿಕಾರ ನ್ಯಾಯಾಲಯಗಳಿಗೆ ಇದೆ. 1879ರ ಹಳೇ ಕಾನೂನಿನಲ್ಲಿದ್ದ ಈ ಅಧಿಕಾರವನ್ನು 2023ರ ತಿದ್ದುಪಡಿ ವಕೀಲರ ಕಾಯ್ದೆಯೊಳಗೇ ತಂದಿತು.

ಕರಿ ಕೋಟು ಹಾಕಿದವರೆಲ್ಲ ವಕೀಲರೇನಾ? ಪತ್ತೆ ಮಾಡುವುದು ಹೇಗೆ?

ಸನ್ನದಿನ ನಂಬರ್ ಕೇಳಿ. ಕರ್ನಾಟಕದಲ್ಲಿ ಅದು ಕೆಎಆರ್ ಎಂದು ಶುರುವಾಗಿ, ಒಂದು ಸಂಖ್ಯೆ, ಆಮೇಲೆ ನೋಂದಣಿಯ ವರ್ಷ ಇರುತ್ತದೆ. ನಿಮ್ಮ ಪರ ಕೇಸು ನಡೆಸಲು ನೀವು ಸಹಿ ಮಾಡಿಕೊಡುವ ವಕಾಲತ್ತಿನ ಮೇಲೂ ಅದನ್ನು ಬರೆದಿರುತ್ತಾರೆ. ಕೇಳುವುದಕ್ಕೆ ಸಂಕೋಚ ಬೇಡ. ನಿಜವಾದ ವಕೀಲರಿಗೆ ಅದು ಬೇಸರದ ಮಾತಲ್ಲ. ಸನ್ನದಿಲ್ಲದೆ ಕೋರ್ಟಿನಲ್ಲಿ ವಕೀಲಿ ಮಾಡಿದರೆ 6 ತಿಂಗಳವರೆಗೆ ಜೈಲು ಶಿಕ್ಷೆ ಇದೆ.

ಫೀಸು ಎಷ್ಟು ಅಂತ ಸಂಘ ನಿಗದಿ ಮಾಡುತ್ತಾ?

ಇಲ್ಲ. ಅದು ನಿಮ್ಮ ಮತ್ತು ನಿಮ್ಮ ವಕೀಲರ ನಡುವಿನ ಮಾತು. ನನ್ನ ಸಲಹೆ ಒಂದೇ: ಮೊದಲ ದಿನವೇ ಬಿಡಿಸಿ ಮಾತಾಡಿ. ವಕೀಲರ ಫೀಸು ಎಷ್ಟು, ಕೋರ್ಟ್ ಫೀ ಎಷ್ಟು, ಟೈಪಿಂಗು, ಸರ್ಟಿಫೈಡ್ ಕಾಪಿ, ಸ್ಥಳ ನೋಡಲು ಕೋರ್ಟು ಕಳಿಸುವ ಕಮಿಷನರ್ ಖರ್ಚು ಎಷ್ಟಾಗಬಹುದು ಅಂತ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಕೊಟ್ಟ ದುಡ್ಡಿಗೆ ರಸೀದಿ ಕೇಳಿ.

"ಗೆದ್ದರೆ ಜಮೀನಿನಲ್ಲಿ ಕಾಲು ಭಾಗ ನನಗೆ" ಅನ್ನುವ ಒಪ್ಪಂದ ಮಾಡಿಕೊಳ್ಳಬೇಡಿ. ಫಲಿತಾಂಶದ ಮೇಲೆ ಫೀಸು ಕಟ್ಟುವುದು, ಬರುವ ಆಸ್ತಿಯಲ್ಲಿ ಪಾಲು ಕೇಳುವುದು ವಕೀಲರಿಗೆ ನಿಷಿದ್ಧ.

ಕೈಯಲ್ಲಿ ದುಡ್ಡೇ ಇಲ್ಲ. ನಮಗೆ ವಕೀಲರು ಸಿಗಲ್ವಾ?

ಸಿಗುತ್ತಾರೆ. ಬಾಗಿಲಲ್ಲಿ ಅತಿ ಹೆಚ್ಚು ಕೇಳಿದ ಪ್ರಶ್ನೆ ಇದೇ.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂತು. ಅದರಂತೆ ಪ್ರತಿ ತಾಲೂಕಿನಲ್ಲಿ ಕಾನೂನು ಸೇವೆಗಳ ಸಮಿತಿ ಇದೆ. ಕಚೇರಿ ಸಾಮಾನ್ಯವಾಗಿ ಕೋರ್ಟಿನ ಆವರಣದಲ್ಲೇ ಇರುತ್ತದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು, ನೆರೆ ಬರ ಮುಂತಾದ ವಿಪತ್ತಿಗೆ ಸಿಕ್ಕವರು, ಮಾನವ ಸಾಗಣೆಗೆ ಬಲಿಯಾದವರು ಉಚಿತವಾಗಿ ವಕೀಲರನ್ನು ಪಡೆಯಬಹುದು. ಆದಾಯ ಮಿತಿಯೊಳಗಿರುವ ಬೇರೆಯವರಿಗೂ ಸಿಗುತ್ತದೆ. ಇಲ್ಲಿ ಗಮನಿಸಬೇಕಾದ್ದು, ಹೆಂಗಸರಿಗೆ ಮತ್ತು ಪರಿಶಿಷ್ಟರಿಗೆ ಆದಾಯದ ಲೆಕ್ಕವೇ ಇಲ್ಲ. "ನಮ್ಮ ಯಜಮಾನರ ಹೆಸರಲ್ಲಿ ನಾಲ್ಕೆಕರೆ ಇದೆ, ನನಗೆ ಕೊಡ್ತಾರಾ" ಅಂತ ಕೇಳುವ ತಾಯಂದಿರಿಗೆ ಉತ್ತರ: ಕೊಡುತ್ತಾರೆ.

ಒಂದು ಅರ್ಜಿ, ಆಧಾರ್ ಪ್ರತಿ, ಕೇಸಿಗೆ ಸಂಬಂಧಿಸಿದ ಕಾಗದ ಇಷ್ಟರಿಂದ ಶುರು ಮಾಡಬಹುದು. ಅರ್ಜಿ ಬರೆಯಲು ಬಾರದಿದ್ದರೆ ಅಲ್ಲಿನ ಸಿಬ್ಬಂದಿ ಅಥವಾ ಅರೆಕಾಲಿಕ ಕಾನೂನು ಸ್ವಯಂಸೇವಕರು ಬರೆದುಕೊಡುತ್ತಾರೆ. ಸಂಘದ ಸದಸ್ಯರೇ ಆ ಸಮಿತಿಯ ಪ್ಯಾನೆಲ್ಲಿನಲ್ಲಿ ಇರುತ್ತಾರೆ. ಅವರಿಗೆ ಸಂಭಾವನೆ ಸಮಿತಿಯಿಂದ ಬರುತ್ತದೆ. ನಿಮ್ಮಿಂದ ಒಂದು ರೂಪಾಯಿಯನ್ನೂ ಕೇಳುವಂತಿಲ್ಲ. ಕೇಳಿದರೆ ಸಮಿತಿಗೆ ತಿಳಿಸಿ. ಮನೆಯಿಂದಲೇ ಕೇಳುವುದಾದರೆ ಸಹಾಯವಾಣಿ 15100.

ಉಚಿತ ವಕೀಲರು ಸರಿಯಾಗಿ ನಡೆಸುವುದಿಲ್ಲ ಅನ್ನುವ ಮಾತು ಊರಲ್ಲೆಲ್ಲ ಇದೆ. ನಾನು ಕಂಡ ಒಂದು ಕೇಸು ಹೇಳುತ್ತೇನೆ. ಗಂಡ ತೀರಿದ ಮೇಲೆ ಮೈದುನಂದಿರು ಮನೆಯಿಂದ ಹೊರಗೆ ಹಾಕಿದ್ದ ಒಬ್ಬ ಅಮ್ಮ ಬಂದಿದ್ದರು. ಕಾಗದಗಳನ್ನು ಸೀರೆ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದರು. ಪ್ಯಾನೆಲ್ ವಕೀಲೆ ಇನ್ನೂ ಹೊಸಬರು. ನಾಲ್ಕು ಸಲ ಆ ಅಮ್ಮನ ಹಳ್ಳಿಗೆ ಹೋಗಿ, ಪಂಚಾಯಿತಿಯ ಹಳೇ ಕಂದಾಯ ರಸೀದಿ ಹುಡುಕಿ ತಂದರು. ಸಾಕ್ಷಿ ಕಟ್ಟೆಯಲ್ಲಿ ಆ ರಸೀದಿ ತೋರಿಸಿದಾಗ ಎದುರು ಕಡೆಯವರು ರಾಜಿಗೆ ಬಂದರು. ಲೋಕ ಅದಾಲತ್‌ನಲ್ಲಿ ಮನೆಯ ಭಾಗ ಸಿಕ್ಕಿತು.

ಲೋಕ ಅದಾಲತ್‌ನಲ್ಲಿ ರಾಜಿ ಆದರೆ ಆಮೇಲೆ ಅಪೀಲು ಹೋಗಬಹುದಾ?

ಸಾಮಾನ್ಯ ಅಪೀಲು ಇಲ್ಲ. ಅಲ್ಲಿನ ತೀರ್ಮಾನಕ್ಕೆ ಕೋರ್ಟಿನ ಡಿಕ್ರಿಯಷ್ಟೇ, ಅಂದರೆ ಸಿವಿಲ್ ತೀರ್ಪಿನ ಆದೇಶದಷ್ಟೇ ಬೆಲೆ. ಕಟ್ಟಿದ ಕೋರ್ಟ್ ಫೀ ವಾಪಸ್ ಸಿಗುತ್ತದೆ. ಆದ್ದರಿಂದ ರಾಜಿ ಪತ್ರವನ್ನು ಓದಿಸಿಕೊಂಡು, ಅರ್ಥವಾದ ಮೇಲೇ ಸಹಿ ಅಥವಾ ಹೆಬ್ಬೆಟ್ಟು ಹಾಕಿ. ಅವಸರ ಬೇಡ. ಒಪ್ಪಿಗೆ ಇಲ್ಲದಿದ್ದರೆ ಇಲ್ಲ ಅನ್ನಿ, ಕೇಸು ಮಾಮೂಲಿ ಕೋರ್ಟಿಗೆ ವಾಪಸ್ ಹೋಗುತ್ತದೆ.

ವಕೀಲರನ್ನು ಬದಲಾಯಿಸಬೇಕು. ಹಳೇ ವಕೀಲರು ಫೀಸು ಬಾಕಿ ಇದೆ ಅಂತ ಫೈಲು ಕೊಡುತ್ತಿಲ್ಲ.

ಈ ದೂರು ಬಂದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕೊಡಲೇಬೇಕು. ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ 2000ದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ: ಫೀಸು ಬಾಕಿ ಇದೆ ಅನ್ನುವ ಕಾರಣಕ್ಕೆ ಕಕ್ಷಿದಾರರ ಕಾಗದಪತ್ರ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ. ಬಾಕಿ ಬರಬೇಕಾದರೆ ಅದಕ್ಕೆ ಬೇರೆ ದಾರಿ ಇದೆ.

ನನ್ನ ಕಾಲದಲ್ಲಿ ಹೀಗೇ ಆಯಿತು. ಒಬ್ಬ ರೈತನ ಮೂಲ ಕ್ರಯಪತ್ರ ವಕೀಲರೊಬ್ಬರ ಬೀರುವಿನಲ್ಲಿ ಒಂದೂವರೆ ವರ್ಷ ಕೂತಿತ್ತು. ಆ ಪತ್ರ ಇಲ್ಲದೆ ಬ್ಯಾಂಕು ಸಾಲ ಕೊಡಲಿಲ್ಲ. ಆತ ಎರಡು ಬೆಳೆ ಕಳೆದುಕೊಂಡಿದ್ದ. ಅಧ್ಯಕ್ಷರು ಇಬ್ಬರನ್ನೂ ಕರೆಸಿದರು. ಬಾಕಿ ಎಷ್ಟು ಅಂತ ಲೆಕ್ಕ ಹಾಕಿದರು, ಕಂತು ಮಾಡಿದರು. ಪತ್ರ ಅದೇ ಸಂಜೆ ಆತನ ಕೈ ಸೇರಿತು. ಮೊದಲೇ ಬಂದಿದ್ದರೆ ಆ ಎರಡು ಬೆಳೆ ಉಳಿಯುತ್ತಿತ್ತು. ಆದ್ದರಿಂದ ಒಂದೂವರೆ ವರ್ಷ ಕಾಯಬೇಡಿ.

ವಕೀಲರನ್ನು ಬದಲಿಸುವುದು ನಿಮ್ಮ ಹಕ್ಕು. ಹಳೇ ವಕೀಲರಿಂದ ಒಪ್ಪಿಗೆಯ ಸಹಿ ಪಡೆಯುವುದು ರೂಢಿ, ಅದು ಮರ್ಯಾದೆಯೂ ಹೌದು. ಅವರು ಕೊಡದಿದ್ದರೆ ನ್ಯಾಯಾಲಯದ ಅನುಮತಿ ಪಡೆದು ಹೊಸ ವಕಾಲತ್ತು ಹಾಕಬಹುದು.

ವಕೀಲರ ಮೇಲೆ ದೂರು ಕೊಡುವುದು ಎಲ್ಲಿ?

ಮೊದಲು ಸಂಘಕ್ಕೆ ಬಂದು ಹೇಳಿ. ಮಾತಿನಲ್ಲಿ ಮುಗಿಯುವಂಥದ್ದಾದರೆ ಮುಗಿಸೋಣ. ನಿಜವಾದ ದುರ್ನಡತೆ ಆಗಿದ್ದರೆ, ಅಂದರೆ ಪರಿಹಾರದ ಹಣ ನುಂಗಿಹಾಕುವುದು, ಸುಳ್ಳು ಸಹಿ, ಎದುರು ಕಡೆಯವರ ಜೊತೆ ಶಾಮೀಲಾಗುವುದು, ಆಗ ರಾಜ್ಯ ವಕೀಲರ ಪರಿಷತ್ತಿಗೆ ಬರೆದುಕೊಡಬೇಕು. ವಕೀಲರ ಕಾಯ್ದೆಯ 35ನೇ ಕಲಂ ಅದಕ್ಕೇ ಇದೆ. ದೂರಿನಲ್ಲಿ ಹುರುಳಿದೆ ಅನ್ನಿಸಿದರೆ ಪರಿಷತ್ತು ಅದನ್ನು 3 ಜನರ ಶಿಸ್ತು ಸಮಿತಿಗೆ ಒಪ್ಪಿಸುತ್ತದೆ. ಎಚ್ಚರಿಕೆ, ಅಮಾನತು, ಪಟ್ಟಿಯಿಂದ ಹೆಸರು ತೆಗೆಯುವುದು, ಈ ಮೂರು ಶಿಕ್ಷೆ ಸಾಧ್ಯ. ಒಂದು ವರ್ಷದೊಳಗೆ ತೀರ್ಮಾನ ಆಗದಿದ್ದರೆ ದೂರು ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗುತ್ತದೆ. ತೀರ್ಮಾನ ಒಪ್ಪದಿದ್ದರೆ 60 ದಿನದೊಳಗೆ ಅಲ್ಲಿಗೇ ಮೇಲ್ಮನವಿ.

ದಿನಾಂಕ, ಕೊಟ್ಟ ಹಣ, ಸಾಕ್ಷಿ ಕಾಗದ ಇವನ್ನು ಸಾಲಾಗಿ ಬರೆಯಿರಿ. ಕೇಸು ಸೋತೆವು ಅನ್ನುವುದೊಂದೇ ದುರ್ನಡತೆ ಆಗುವುದಿಲ್ಲ. ಇನ್ನೊಂದು ವಿಷಯ, ಗ್ರಾಹಕರ ನ್ಯಾಯಾಲಯಕ್ಕೆ ಹೋಗಲು ಬರುವುದಿಲ್ಲ. ವಕೀಲರ ಸೇವೆ ಗ್ರಾಹಕ ಕಾಯ್ದೆಯ ಕೆಳಗೆ ಬರುವುದಿಲ್ಲ ಅಂತ 2024ರ ಮೇನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಹಾಗಿರುವಾಗ ಶಿಸ್ತಿನ ದೂರುಗಳನ್ನು ಪರಿಷತ್ತು ಬೇಗ ಮುಗಿಸಬೇಕಾದ ಜವಾಬ್ದಾರಿ ಇನ್ನೂ ಹೆಚ್ಚಾಗಿದೆ ಅಂತ ನನ್ನ ಅಭಿಪ್ರಾಯ.

ಒಳಗೆ ಜಗಳ ಆಡಿದ ಎರಡೂ ಕಡೆ ವಕೀಲರು ಹೊರಗೆ ಒಟ್ಟಿಗೆ ಟೀ ಕುಡಿಯುತ್ತಾರೆ. ನಮ್ಮನ್ನು ಮಾರಿಬಿಟ್ಟರಾ?

ಈ ಅನುಮಾನ ಸಹಜ. ನಿಮ್ಮ ಹೊಲ, ನಿಮ್ಮ ಮನೆ ಪಣಕ್ಕಿರುವಾಗ ಆ ಟೀ ಲೋಟ ಕಣ್ಣಿಗೆ ಚುಚ್ಚುತ್ತದೆ.

ವಕೀಲರಿಬ್ಬರೂ ಇಪ್ಪತ್ತು ವರ್ಷದಿಂದ ಒಂದೇ ಕೋರ್ಟಿನಲ್ಲಿ ಇದ್ದಾರೆ. ಇವತ್ತು ಎದುರು ಬದುರು ನಿಂತವರು ನಾಳೆ ಇನ್ನೊಂದು ಕೇಸಿನಲ್ಲಿ ಒಂದೇ ಕಡೆ ಇರಬಹುದು. ಆ ಸ್ನೇಹ ಇರುವುದರಿಂದಲೇ ಎಷ್ಟೋ ರಾಜಿ ಮಾತು ಟೀ ಅಂಗಡಿಯಲ್ಲಿ ಹುಟ್ಟುತ್ತದೆ. ನೀವು ವಕೀಲರಿಗೆ ಹೇಳಿದ ಗುಟ್ಟು ಹೊರಗೆ ಹೋಗುವಂತಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಅದನ್ನು ಕಾಯುತ್ತದೆ. ನಿಮ್ಮ ಕೇಸು ಮುಗಿದ ಮೇಲೂ ಆ ಬಾಯಿಗೆ ಬೀಗ ಇದ್ದೇ ಇರಬೇಕು. ಅದು ಮುರಿದಿದೆ ಅನ್ನುವುದಕ್ಕೆ ಆಧಾರ ಇದ್ದರೆ ದೂರು ಕೊಡಿ. ಟೀ ಕುಡಿದಿದ್ದು ಆಧಾರ ಆಗುವುದಿಲ್ಲ.

ತಾರೀಕಿಗೆ ಬಂದರೆ "ಇವತ್ತು ಕಲಾಪ ಬಹಿಷ್ಕಾರ" ಅಂತಾರೆ. ಇದು ಸರಿನಾ?

ಸರಿಯಲ್ಲ. ಕಾರ್ಯದರ್ಶಿಯಾಗಿದ್ದವನೇ ಇದನ್ನು ಹೇಳುತ್ತಿದ್ದೇನೆ. ಹರೀಶ್ ಉಪ್ಪಲ್ ಪ್ರಕರಣದಲ್ಲಿ 2002ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ವಕೀಲರಿಗೆ ಮುಷ್ಕರದ ಹಕ್ಕಿಲ್ಲ, ಬಹಿಷ್ಕಾರದ ಕರೆ ಕೊಡುವ ಹಕ್ಕೂ ಇಲ್ಲ. ಪ್ರತಿಭಟನೆ ಬೇಕಾದರೆ ಪತ್ರಿಕಾ ಹೇಳಿಕೆ, ಕೈಗೆ ಪಟ್ಟಿ, ಆವರಣದ ಹೊರಗೆ ಶಾಂತಿಯ ಧರಣಿ ಆಗಬಹುದು.

ವಕೀಲರ ಮೇಲೆ ಹಲ್ಲೆ ಆದಾಗ ನಮ್ಮ ರಕ್ತವೂ ಕುದಿಯುತ್ತದೆ. ಆದರೆ ಮೂವತ್ತು ಕಿಲೋಮೀಟರ್ ದೂರದಿಂದ ಬಸ್ ಹತ್ತಿ ಬಂದ ಸಾಕ್ಷಿ ವಾಪಸ್ ಹೋದರೆ ಆ ದಿನದ ಕೂಲಿ ಕೊಡುವವರು ಯಾರು? ಜೈಲಿನಲ್ಲಿರುವವನ ಜಾಮೀನು ಅರ್ಜಿ ಮುಂದೆ ಹೋದರೆ ಅವನಿಗೆ ಇನ್ನೊಂದು ರಾತ್ರಿ ಒಳಗೇ. ಸಭೆಯಲ್ಲಿ ನಾನು ಈ ಮಾತು ಹೇಳಿ ಒಬ್ಬಂಟಿಯಾಗಿದ್ದೂ ಉಂಟು. ಈಗಲೂ ಅದನ್ನೇ ಹೇಳುತ್ತೇನೆ.

"ಇಂಥ ಆರೋಪಿ ಪರ ಯಾರೂ ವಕಾಲತ್ತು ಹಾಕಬಾರದು" ಅಂತ ಸಂಘ ಠರಾವು ಮಾಡಬಹುದಾ?

ಮಾಡುವಂತಿಲ್ಲ. ಮಾಡಿದರೂ ಅದಕ್ಕೆ ಬೆಲೆ ಇಲ್ಲ. 2010ರಲ್ಲಿ ಮೊಹಮ್ಮದ್ ರಫಿ ಪ್ರಕರಣದಲ್ಲಿ ಅಂಥ ಠರಾವುಗಳೆಲ್ಲ ಅಸಿಂಧು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ತನಗೆ ಬೇಕಾದ ವಕೀಲರ ಮೂಲಕ ವಾದ ಮಾಡಿಸುವುದು ಸಂವಿಧಾನದ 22ನೇ ವಿಧಿ ಬಂಧಿತನಿಗೆ ಕೊಟ್ಟ ಹಕ್ಕು. 2020ರಲ್ಲಿ ಹುಬ್ಬಳ್ಳಿಯಲ್ಲಿ ರಾಜದ್ರೋಹದ ಆರೋಪ ಹೊತ್ತ ಕಾಶ್ಮೀರಿ ವಿದ್ಯಾರ್ಥಿಗಳ ವಿಷಯದಲ್ಲಿ ಇಂಥ ಠರಾವು ಬಂದಾಗ ಕರ್ನಾಟಕ ಹೈಕೋರ್ಟ್ ಅದನ್ನು ಗಟ್ಟಿಯಾಗಿ ಪ್ರಶ್ನಿಸಿತು. ಆರೋಪಿಯ ಪರ ನಿಂತ ವಕೀಲರು ಅಪರಾಧದ ಪರ ನಿಂತಂತಲ್ಲ. ಸಾಕ್ಷ್ಯ ಸರಿಯಿದೆಯಾ ಅಂತ ಕೇಳುವವರು ಒಬ್ಬರಾದರೂ ಇರಲೇಬೇಕು, ಅಲ್ವಾ?

ಈಗಷ್ಟೇ ಎಲ್‌ಎಲ್‌ಬಿ ಮುಗಿದಿದೆ. ಸಂಘ ಸೇರುವುದು ಹೇಗೆ?

ಮೊದಲು ರಾಜ್ಯ ಪರಿಷತ್ತಿನಲ್ಲಿ ನೋಂದಣಿ. ಕಾಯ್ದೆಯಲ್ಲಿರುವ ಶುಲ್ಕ ಸಾಮಾನ್ಯರಿಗೆ 750 ರೂಪಾಯಿ, ಪರಿಶಿಷ್ಟ ಜಾತಿ ಪಂಗಡದವರಿಗೆ 125. ಅದಕ್ಕಿಂತ ಹೆಚ್ಚು ನೋಂದಣಿ ಶುಲ್ಕ ವಸೂಲಿ ಮಾಡುವಂತಿಲ್ಲ ಅಂತ 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಹೇಳಿತು. ಬಡ ಮನೆಯ ಮಕ್ಕಳಿಗೆ ಇದು ದೊಡ್ಡ ಉಪಕಾರ. ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಬೇಕು. ಸನ್ನದು ಬಂದ ಮೇಲೆ ನೀವು ಕೆಲಸ ಮಾಡುವ ಕೋರ್ಟಿನ ಸಂಘಕ್ಕೆ ಅರ್ಜಿ ಮತ್ತು ಚಂದಾ ಕೊಡಿ. ಅಷ್ಟೇ.

ಸೀನಿಯರ್ ಸಿಗುವುದು ಇದಕ್ಕಿಂತ ಕಷ್ಟ. ಸಂಘದಲ್ಲಿ ಕೇಳಿ, ನಾವು ಪರಿಚಯ ಮಾಡಿಸುತ್ತೇವೆ. ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಹಳ್ಳಿ ಕಡೆ 15,000 ರೂಪಾಯಿ ಕೊಡಿ ಅಂತ 2024ರ ಅಕ್ಟೋಬರ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು ಶಿಫಾರಸು ಮಾಡಿದೆ. ಅದು ಶಿಫಾರಸು ಮಾತ್ರ, ಕಡ್ಡಾಯ ಅಲ್ಲ. ತಾಲೂಕಿನಲ್ಲಿ ಅಷ್ಟು ಕೊಡುವ ಕಚೇರಿಗಳು ಕಮ್ಮಿ. ಹಿರಿಯರಲ್ಲಿ ನನ್ನ ಮನವಿ: ಬಸ್ ಚಾರ್ಜಿಗೂ ಊಟಕ್ಕೂ ಆಗುವಷ್ಟನ್ನಾದರೂ ಮೊದಲ ತಿಂಗಳಿಂದ ಕೊಡಿ. ದುಡ್ಡಿಲ್ಲದೆ ಮೂರನೇ ವರ್ಷಕ್ಕೆ ವಕೀಲಿ ಬಿಟ್ಟುಹೋದ ಚುರುಕಿನ ಹುಡುಗರ ಮುಖ ನನಗೆ ಇನ್ನೂ ನೆನಪಿದೆ.

ಸಂಘದ ಪದಾಧಿಕಾರಿಗಳಲ್ಲಿ ಹೆಂಗಸರು ಯಾಕೆ ಕಾಣುವುದಿಲ್ಲ?

ಕಾಣಬೇಕು. 2025ರಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರು ವಕೀಲರ ಸಂಘದ ಖಜಾಂಚಿ ಸ್ಥಾನವನ್ನು ಮಹಿಳೆಯರಿಗೆ ಮೀಸಲಿಡಲು ಹೇಳಿತು. ಅದೇ ವರ್ಷ ರಾಜ್ಯದ ಜಿಲ್ಲಾ ಸಂಘಗಳಲ್ಲೂ ಖಜಾಂಚಿ ಸ್ಥಾನ ಮತ್ತು ಆಡಳಿತ ಮಂಡಳಿಯ ಶೇ 30ರಷ್ಟು ಸ್ಥಾನ ಮಹಿಳೆಯರಿಗೆ ಇರಬೇಕು ಅಂದಿತು. ಕೋರ್ಟಿನಿಂದ ಹೇಳಿಸಿಕೊಳ್ಳುವ ಮೊದಲೇ ನಾವು ಮಾಡಬೇಕಿತ್ತು.

ವಕೀಲರಿಗೇ ಕಷ್ಟ ಬಂದರೆ?

ವಕಾಲತ್ತಿನ ಮೇಲೆ ಒಂದು ಕಲ್ಯಾಣ ನಿಧಿ ಸ್ಟಾಂಪು ಅಂಟಿಸಿರುವುದನ್ನು ನೋಡಿರಬಹುದು. 1983ರ ಕರ್ನಾಟಕ ವಕೀಲರ ಕಲ್ಯಾಣ ನಿಧಿ ಕಾಯ್ದೆಯಂತೆ ಆ ದುಡ್ಡು ನಿಧಿಗೆ ಹೋಗುತ್ತದೆ. ವಕೀಲರು ತೀರಿಕೊಂಡರೆ ಮನೆಯವರಿಗೆ, ವಕೀಲಿ ಬಿಟ್ಟಾಗ ಅವರಿಗೇ ಹಣ ಸಿಗುತ್ತದೆ. ಅರ್ಜಿ ತುಂಬಿಸಿ ಕಳಿಸುವುದು ಸಂಘದ ಕೆಲಸ. ತೀರಿಕೊಂಡ ಸದಸ್ಯರ ಮನೆಗೆ ಆ ಫಾರಂ ಹಿಡಿದು ಹೋಗುವುದು ಕಾರ್ಯದರ್ಶಿಗೆ ಅತ್ಯಂತ ಭಾರವಾದ ದಿನ.

ಹಲ್ಲೆಯಿಂದ ರಕ್ಷಣೆಗೆ ರಾಜ್ಯದಲ್ಲಿ 2023ರ ಕಾಯ್ದೆ ಇದೆ. ಅಪರಾಧಕ್ಕೆ 3 ವರ್ಷದವರೆಗೆ ಜೈಲು. ಪೊಲೀಸರು ವಕೀಲರೊಬ್ಬರನ್ನು ಬಂಧಿಸಿದರೆ 24 ಗಂಟೆಯೊಳಗೆ ಅವರ ಸಂಘಕ್ಕೆ ತಿಳಿಸಬೇಕು.

ಅಮೆರಿಕದಲ್ಲಿದ್ದೇನೆ. ಊರಿನ ಕೇಸಿಗೆ ಪ್ರತಿ ಸಲ ಬರಲಾಗುವುದಿಲ್ಲ.

ನಂಬಿಕಸ್ಥರಿಗೆ ಅಧಿಕಾರ ಪತ್ರ ಬರೆದುಕೊಡಬಹುದು. ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಿ. ಅದು ಇಲ್ಲಿಗೆ ತಲುಪಿದ 3 ತಿಂಗಳೊಳಗೆ ಸ್ಟಾಂಪು ಶುಲ್ಕ ಕಟ್ಟಿಸಬೇಕು, ಇದನ್ನು ಜನ ಮರೆಯುತ್ತಾರೆ. ಕೇಸಿನ ಸ್ಥಿತಿ ನೋಡಲು, ಪ್ರತಿ ಕೇಸಿಗೂ ಕೋರ್ಟು ಕೊಡುವ 16 ಅಕ್ಷರ ಅಂಕಿಗಳ ಸಿಎನ್‌ಆರ್ ನಂಬರ್ ಇಟ್ಟುಕೊಳ್ಳಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದರೆ ಮುಂದಿನ ತಾರೀಕು, ಹಿಂದಿನ ಆದೇಶ ಎಲ್ಲ ಕಾಣುತ್ತದೆ. ಊರಲ್ಲೇ ಇರುವವರಿಗೂ ಇದು ಉಪಯೋಗ. "ಮುಂದಿನ ಡೇಟ್ ಯಾವಾಗ" ಅಂತ ಕೇಳಲು ಮಾತ್ರ ಬಸ್ ಹತ್ತಬೇಕಾಗಿಲ್ಲ.

ಮೊದಲ ಸಲ ಸಂಘಕ್ಕೆ ಬರುವಾಗ ಏನು ತರಬೇಕು?

ಇರುವ ಕಾಗದ ಎಲ್ಲ ತನ್ನಿ. ಬೇಕಾದ್ದು ಬೇಡದ್ದು ಅಂತ ಮನೆಯಲ್ಲೇ ಆರಿಸಬೇಡಿ. ಮೂಲ ಪ್ರತಿಗಳನ್ನು ಯಾರ ಕೈಗೂ ಕೊಟ್ಟು ಹೋಗಬೇಡಿ. ಜೆರಾಕ್ಸ್ ಕೊಡಿ, ಮೂಲ ತೋರಿಸಿ ವಾಪಸ್ ಇಟ್ಟುಕೊಳ್ಳಿ.

ಸಮನ್ಸ್ ಬಂದಿದ್ದರೆ ಅದು ಕೈಗೆ ಸಿಕ್ಕ ದಿನಾಂಕ ಮುಖ್ಯ. ಸಿವಿಲ್ ದಾವೆಗೆ ಲಿಖಿತ ಉತ್ತರ ಕೊಡಲು 30 ದಿನ, ಕೋರ್ಟು ಒಪ್ಪಿದರೆ 90 ದಿನ. ಸಮನ್ಸ್ ತರುವ ಕೋರ್ಟಿನ ಅಮೀನರು ಕೊಟ್ಟು ಹೋದ ತಕ್ಷಣ ಕವರಿನ ಮೇಲೆ ಪೆನ್ನಿನಲ್ಲಿ ಆ ದಿನದ ತಾರೀಕು ಬರೆಯಿರಿ. ಬರೆಯಲು ಬರದಿದ್ದರೆ ಪಕ್ಕದ ಮನೆಯ ಶಾಲೆ ಮಗುವಿನ ಕೈಯಲ್ಲಿ ಬರೆಸಿ. ಹಾಗೆ ಬರೆಸಿಕೊಂಡು ಬಂದವರ ಕವರು ನಮ್ಮ ಮೇಜಿನ ಮೇಲೆ ಬಿದ್ದಾಗ, ಗುಂಡಗಿನ ಅಕ್ಷರದ ಆ ತಾರೀಕನ್ನೇ ಮೊದಲು ನೋಡುತ್ತೇವೆ.